ಬಚ್ಚಲಿನ ಚಿಲಕ

ಪ್ರಬಂಧದಲ್ಲಿ ದುರ್ವಾಸನೆಯ ವರ್ಣನೆ ಬೇಡವೆಂದು ವರ್ಷಗಟ್ಟಲೆ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಆ ನಿಯಮವನ್ನು ಇಲ್ಲಿ ಮುರಿಯುತ್ತಿದ್ದೇನೆ. ಮುರಿಯದಿದ್ದರೆ ಈ ಕೊಲ್ಲಿ ದೇಶದ ಅಲ್ ಖೌದಿನ ಕಾಲೇಜೊಂದರ ವ್ಯಾಯಾಮಶಾಲೆಯ ಬಗ್ಗೆ ಒಂದೇ ಒಂದು ನಿಜವಾದ ವಾಕ್ಯವನ್ನೂ ಬರೆಯಲಾಗದು.

ಅಲ್ಲಿ ಗಂಡಸರ ಸಮಯ ಮುಗಿದ ಕೂಡಲೇ ಹೆಂಗಸರ ಸಮಯ ಆರಂಭವಾಗುತ್ತದೆ. ನಡುವೆ ಕಿಟಕಿ ತೆರೆಯುವವರಿಲ್ಲ, ಏಕೆಂದರೆ ಕಿಟಕಿಯೇ ಇಲ್ಲ. ಏಸಿ ಅದೇ ಗಾಳಿಯನ್ನು ತಣ್ಣಗೆ ಮಾಡಿ ಮತ್ತೆ ನಮ್ಮ ಮುಖಕ್ಕೆ ಊದುತ್ತದೆ. ಬೆಂಚಿನ ಕಪ್ಪು ರೆಕ್ಸಿನ್ನಿನ ಮೇಲೆ ಯಾವನದೋ ಬೆನ್ನಿನ ಆಕಾರ ಒದ್ದೆಯಾಗಿ ಉಳಿದಿರುತ್ತದೆ. ಡಂಬೆಲ್ಲಿನ ಹಿಡಿ ಇನ್ನೂ ಬೆಚ್ಚಗಿರುತ್ತದೆ. ಈ ಎಲ್ಲದರ ಮೇಲೆ ವಿದ್ಯಾರ್ಥಿನಿಯರು ಧಾರಾಳವಾಗಿ ಊದ್ ಅತ್ತರು ಸಿಂಪಡಿಸುತ್ತಾರೆ. ಬೆವರು ಸುಗಂಧದೊಂದಿಗೆ ಬೆರೆತಾಗ ಹುಟ್ಟುವ ಮೂರನೆಯ ವಾಸನೆಗೆ ನಾನು ಬಲ್ಲ ಯಾವ ಭಾಷೆಯಲ್ಲಿಯೂ ಹೆಸರಿಲ್ಲ.

ಇಂಥ ಜಾಗಕ್ಕೆ ನಾನು ಹೋದದ್ದು ಒಂದು ಚಿಲಕಕ್ಕಾಗಿ.

ಊರಿನ ಶಾಲೆಯ ಕೆಲಸ ಬಿಟ್ಟು ಇಲ್ಲಿಗೆ ಬಂದ ಮೇಲೆ ನಾನು ಆ ಕಾಲೇಜಿನ ಗ್ರಂಥಾಲಯದಲ್ಲಿದ್ದೇನೆ. ನನ್ನವರು ಹತ್ತಿರದ ರುಸೈಲಿನ ಕಾರ್ಖಾನೆಯೊಂದರ ಕಚೇರಿಯಲ್ಲಿದ್ದಾರೆ. ಕಳೆದ ಬೇಸಿಗೆಯಲ್ಲಿ, ಅವರು ಕೆಲಸಕ್ಕೆ ಹೋಗಿದ್ದಾಗ, ನಾನು ಬಚ್ಚಲಿನಲ್ಲಿ ಜಾರಿ ಬಿದ್ದೆ. ಮೂಳೆಗೆ ಪೆಟ್ಟಾಗಲಿಲ್ಲ. ಆದರೆ ಏಳಲಾಗಲಿಲ್ಲ. ಮೊಣಕಾಲು ಮಡಚಿದರೆ ತೊಡೆ ನಡುಗುತ್ತಿತ್ತು, ಕೈಯೂರಿದರೆ ಭುಜ ಸೋಲುತ್ತಿತ್ತು. ನನ್ನ ಕೂಗು ಕೇಳಿ ಮೇಲಿನ ಮನೆಯಾಕೆ ಕಟ್ಟಡದ ಕಾವಲುಗಾರನನ್ನು ಕಳುಹಿಸಿದಳು. ಅವನು ಇನ್ನೊಂದು ಕೀಲಿಯಿಂದ ಮನೆಯೊಳಗೆ ಬಂದು, ಬಚ್ಚಲಿನ ಬಾಗಿಲಿಗೆ ಹೆಗಲು ಕೊಟ್ಟು, ಚಿಲಕ ಕಿತ್ತು, ಒದ್ದೆ ನೈಟಿಯಲ್ಲಿ ಬಿದ್ದಿದ್ದ ನನ್ನನ್ನು ಕಂಕುಳಿಗೆ ಕೈಹಾಕಿ ಎತ್ತಿದ. ಒಳ್ಳೆಯ ಮನುಷ್ಯ, ಕಣ್ಣು ಮುಚ್ಚಿಕೊಂಡೇ ಎತ್ತಿದ. ಆದರೂ ಆ ಬೆರಳುಗಳನ್ನು ನೆನೆದರೆ ಈಗಲೂ ಮೈ ಮುದುಡುತ್ತದೆ.

ಕಿತ್ತುಹೋದ ಚಿಲಕವನ್ನು ಮತ್ತೆ ಹಾಕಿಸಲು ನನ್ನವರು ಒಪ್ಪಲಿಲ್ಲ.

"ಚಿಲಕ ಎಂತಕ್ಕೆ? ಈ ಮನೆಯಲ್ಲಿ ನಾನಲ್ಲದೆ ಬೇರೆ ಯಾರುಂಟು?"

"ನೀವಿದ್ದೀರಲ್ಲ, ಅದಕ್ಕೇ."

"ನೆಲದಿಂದ ನೀನಾಗಿ ಎದ್ದು ತೋರಿಸು, ಹಾಕಿಸುವಾ. ಅಲ್ಲಿವರೆಗೆ ಖಲಾಸ್."

ಅಂದಿನಿಂದ ನನ್ನ ಸ್ನಾನವೆಂದರೆ, ಸರಿಯಾಗಿ ಮುಚ್ಚದ ಬಾಗಿಲು ಮತ್ತು ಅದರಾಚೆಯಿಂದ ಮತ್ತೆ ಮತ್ತೆ ಕೇಳುವ "ಇದ್ದೀಯಾ?" ಎಂಬ ಪ್ರಶ್ನೆ. ಬಾಯಲ್ಲಿ ಸಾಬೂನಿನ ನೊರೆ ಇದ್ದರೂ "ಇದ್ದೇನೆ" ಎನ್ನಬೇಕು. ಒಮ್ಮೆ ಉತ್ತರ ತಡವಾದಾಗ ಅವರು ಒಳಗೇ ಬಂದುಬಿಟ್ಟರು, ಕೈಯಲ್ಲಿ ಚಹಾದ ಲೋಟದೊಂದಿಗೆ. ಮರುದಿನವೇ ನಾನು ವ್ಯಾಯಾಮಶಾಲೆಯಲ್ಲಿ ಸಿಬ್ಬಂದಿಗೂ ಪ್ರವೇಶವಿದ್ದ ಆರಂಭಿಕರ ತರಗತಿಗೆ ಸೇರಿದೆ.

ಕಲಿಸುವವಳು ನಮ್ಮ ಕರಾವಳಿಯ ಬ್ಯಾರಿ ಕುಟುಂಬದವಳು. ಇಲ್ಲಿಯೇ ಹುಟ್ಟಿ ಬೆಳೆದಿದ್ದರೂ ತಾಯಿಯಿಂದ ಬಂದ ಮಂಗಳೂರಿನ ಕನ್ನಡ ಅವಳ ಬಾಯಲ್ಲಿ ಗಟ್ಟಿಯಾಗಿತ್ತು. ಚೂಯಿಂಗ್ ಗಮ್ಮಿನ ಚಪ್ಪರಿಕೆಯ ನಡುವೆ ಅದು ಹೊರಬರುತ್ತಿತ್ತು.

"ಯಲ್ಲಾ, ಬನ್ನಿ ಟೀಚರ್, ಹಿಂದೆ ಕುರ್ಚಿ ಉಂಟು ಅಂತ ಎಣಿಸಿ, ಕೂತ್ಕೊಳ್ಳಿ. ಸೊಂಟ ಹಿಂದೆ ಹೋಗ್ಲಿ. ಬೆನ್ನು ಬಗ್ಗುದು ಬೇಡ."

ಅವಳ ಪಾಠಕ್ರಮದಲ್ಲಿ ಮಾತ್ರ ನನಗೆ ದೋಷ ಕಾಣಲಿಲ್ಲ. ಮೊದಲು ಬರೀ ಮೈಭಾರದಲ್ಲೇ ಕುಳಿತು ಏಳುವುದು, ಅದು ನೇರವಾದ ಮೇಲೆ ಎದೆಗೆ ಸಣ್ಣ ತೂಕ ಅವಚಿಕೊಂಡು ಏಳುವುದು, ಬಳಿಕ ಎರಡೂ ಕೈಯಲ್ಲಿ ಭಾರ ಹಿಡಿದು ನಡೆಯುವುದು. ಹಿಂದಿನದು ಸರಿಯಾಗದೆ ಮುಂದಿನದಕ್ಕೆ ಬಿಡುತ್ತಿರಲಿಲ್ಲ. ಉಳಿದದ್ದೆಲ್ಲ ಅಸಹ್ಯ. ದಮ್ಮು ಹೆಚ್ಚಿಸಲೆಂದು ಗೋಡೆಯಿಂದ ಗೋಡೆಗೆ ಓಡಿಸುವಾಗ ಎದುರಿನಿಂದ ಬಂದವಳ ಮುಂಗೈ ಬೆವರು ನನ್ನ ತುಟಿಗೆ ಹಾರಿತು. ನಾನು ಅಲ್ಲಿಯೇ ನಿಂತು ಕರ್ಚೀಫು ಹರಿಯುವಂತೆ ಒರೆಸಿಕೊಂಡೆ. ಹೆಚ್ಚು ಅಸಹ್ಯವಾದದ್ದೆಂದರೆ, ಕೆಲವು ವಾರಗಳಲ್ಲಿ ನನ್ನ ಬಟ್ಟೆಯೂ ಅದೇ ವಾಸನೆ ಹೊಡೆಯತೊಡಗಿತು.

ಕೊನೆಗೆ ನೆಲದಿಂದ ಏಳುವ ಪಾಠ ಬಂತು. ಅದನ್ನು ಕಲಿಯಬೇಕಾದರೆ ಮೊದಲು ಆ ರಬ್ಬರು ಚಾಪೆಯ ಮೇಲೆ ಮಲಗಬೇಕು. ಇದನ್ನು ಊಹಿಸಿಯೇ ನಾನು ಹಳೆಯ ನೂಲಿನ ಸೀರೆಯೊಂದನ್ನು ಒಯ್ದಿದ್ದೆ. ನಾಲ್ಕು ಮಡಿಕೆ ಮಾಡಿ ಹಾಸಿದೆ.

"ಇದೆಂತ ಟೀಚರ್, ಬಾಣಂತಿ ಕೋಣೆಯಾ?"

ಮಾತು ಅರ್ಥವಾಗದ ಹುಡುಗಿಯರೂ ನಕ್ಕರು. ನಾನು ಗಂಭೀರವಾಗಿ ಮಲಗಿ, ಹೇಳಿದಂತೆ ಮಗ್ಗುಲಾಗಿ, ಮೊಣಕೈ ಊರಿ, ಅಂಗೈ ಊರಿದೆ. ಸೀರೆ ಸರಕ್ಕನೆ ಜಾರಿತು. ಮೊಣಕೈ ನೆಲಕ್ಕೆ ಬಡಿದು ಕಣ್ಣಲ್ಲಿ ನೀರು ಬಂತು. ಎರಡನೆಯ ಸಲವೂ ಅದೇ ಆಯಿತು.

ಅವಳು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಳು. "ಮನೆಯಲ್ಲಿ ಬೀಳುವಾಗ ಸೀರೆ ಹಾಸ್ಕೊಂಡು ಬೀಳ್ತೀರಾ ಟೀಚರ್?"

"ಈ ಚಾಪೆ ಹೇಸಿಗೆಯಾಗಿದೆ."

"ಹೌದು, ಹೇಸಿಗೆ. ಕೈ ಆಮೇಲೆ ತೊಳಿಬಹುದು. ಈಗ ಏಳ್ಬೇಕಾ, ಬೇಡ್ವಾ?"

ಸೀರೆಯನ್ನು ಎಳೆದು ಬದಿಗಿಟ್ಟೆ. ಬರಿಯ ಚಾಪೆಯ ಮೇಲೆ ತಲೆಯಿಟ್ಟೆ. ಅದರ ತಂಪು ಕೂದಲೊಳಗೆ ಇಳಿಯಿತು. ಕಣ್ಣಿನ ಮಟ್ಟದಲ್ಲಿ, ರಬ್ಬರಿಗೆ ಅಂಟಿಕೊಂಡು, ಗಡ್ಡದ್ದೇ ಇರಬಹುದಾದ ಒಂದು ಗುಂಗುರು ರೋಮವಿತ್ತು. ಉಸಿರು ಬಿಗಿಹಿಡಿದು ಮಗ್ಗುಲಾಗಿ ಅಂಗೈ ಊರಿದೆ. ಅದು ಅಂಟಿತು, ಜಾರಲಿಲ್ಲ. ಸೊಂಟವೆತ್ತಿ, ಕಾಲನ್ನು ಹಿಂದಕ್ಕೆಳೆದು ಮಂಡಿಯೂರಿ, ಇನ್ನೊಂದು ಪಾದವನ್ನು ಮುಂದಿಟ್ಟು, ಎದ್ದು ನಿಂತೆ.

"ಮಾಶಾ ಅಲ್ಲಾ!" ಎಂದು ಅವಳು ಚಪ್ಪಾಳೆ ತಟ್ಟಿದಳು. ನಾನಾಗಲೇ ನಲ್ಲಿಯ ಕಡೆಗೆ ಓಡುತ್ತಿದ್ದೆ.

ಆ ಸಂಜೆ ಬಟ್ಟೆಯನ್ನೂ ಬದಲಾಯಿಸದೆ ನಮ್ಮ ಹಜಾರದ ನೆಲದ ಮೇಲೆ, ನನ್ನವರ ಕಾಲಬುಡದಲ್ಲೇ, ಮಲಗಿದೆ. ಅವರು ಗಾಬರಿಯಿಂದ ಎದ್ದು ಕೈ ಚಾಚಿದರು.

"ಕೈ ತೆಗೆಯಿರಿ."

ಎದ್ದು ನಿಂತೆ. ಅವರು "ಇನ್ನೊಮ್ಮೆ" ಎಂದರು. ಇನ್ನೊಮ್ಮೆ ಎದ್ದೆ.

"ಅದೆಲ್ಲ ಸರಿ ಮಾರಾಯ್ತಿ, ಇದೆಂಥ ನಾತ! ಮೊದಲು ಸ್ನಾನಕ್ಕೆ ಹೋಗು."

"ಮೊದಲು ಚಿಲಕ."

ಅವರು ಗೊಣಗುತ್ತ ಕೆಳಗಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಬಂದರು. ಅವರು ತಿರುಪು ಬಿಗಿಯುವಷ್ಟು ಹೊತ್ತೂ ನಾನು ಆ ನಾತದೊಳಗೆ ಸೋಫಾವನ್ನೂ ಮುಟ್ಟದೆ ನಿಂತಿದ್ದೆ. ಆಮೇಲೆ ಒಳಗೆ ಹೋಗಿ ಚಿಲಕವೆಳೆದೆ. ಅದು ತನ್ನ ಕುಳಿಯೊಳಗೆ ಬಿಗಿಯಾಗಿ ಕೂತಿತು. ಮೂರು ಬಾರಿ ಸಾಬೂನು ಹಚ್ಚಿದೆ.

"ಇದ್ದೀಯಾ?" ಎಂದು ಹೊರಗಿನಿಂದ ಕೇಳಿತು.

ನಾನು ಉತ್ತರಿಸದೆ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದೆ. ಮತ್ತೊಮ್ಮೆ ಕೇಳಿತು. ಸ್ವಲ್ಪ ಹೊತ್ತಿನ ಮೇಲೆ ಹಜಾರದಲ್ಲಿ ಟಿವಿಯ ಸದ್ದು ಆರಂಭವಾಯಿತು.