ಇನ್ನೂರು ಮರ, ಒಂದೇ ತಳಿ

ಕಾಡಿನ ಜೀವಗಳಿಗಾಗಿ ಹಣ್ಣಿನ ಮರ ನೆಡುವುದನ್ನೇ ಒಂದು ಶಾಸ್ತ್ರವೆಂದು ತಿಳಿದು ದುಡಿದವರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಮೊದಲ ಬೆರಳು ಮಡಚಬೇಕಾದದ್ದು ನಮ್ಮ ಸಸ್ಯಕ್ಷೇತ್ರದ ಮೇಲ್ವಿಚಾರಕಿ, ನಾವೆಲ್ಲರೂ ದೊಡ್ಡಕ್ಕ ಎಂದು ಕರೆಯುವ ಮಾನ್ಯರಿಗೆ. ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಅವರ ಕೈಕೆಳಗೆ ಇಪ್ಪತ್ತಮೂರು ವರ್ಷ ಕಸಿ ಕಟ್ಟಿದ ನಾನು ಬೀಳ್ಕೊಡುಗೆಯ ಪುಸ್ತಕಕ್ಕೆಂದು ನಾಲ್ಕು ಒಳ್ಳೆಯ ಮಾತು ಬರೆದಿಟ್ಟಿದ್ದೆ. ಕಳೆದ ಮಂಗಳವಾರ ಅದನ್ನು ಹರಿದು ಹಾಕಿದೆ.

ನಾನು ಸೇರಿದ್ದು ದಿನಗೂಲಿಯವನಾಗಿ. ಚಾಕು ಹಿಡಿಯಲು ಕಲಿಸಿದವರು ಅವರು. ಬೆರಳು ಕೊಯ್ದುಕೊಂಡಾಗ ತಮ್ಮ ಕರವಸ್ತ್ರ ಹರಿದು ಕಟ್ಟಿದವರೂ ಅವರೇ. ಮೂರನೆಯ ವರ್ಷ ಕಾಡಂಚಿನ ಇಳಿಜಾರಿಗೆ ಇನ್ನೂರು ಪಿಯರ್ ಹಣ್ಣಿನ ಗಿಡಗಳನ್ನು ಕಸಿ ಕಟ್ಟಿ ಕೊಡುವ ಕೆಲಸ ಬಂತು. ಅವು ಚೆನ್ನಾಗಿ ಬಂದರೆ ನನ್ನ ಕೆಲಸ ಕಾಯಂ, ಕೆಟ್ಟರೆ ಮನೆಗೆ.

“ಮೂರು ತಳಿ ಕಟ್ಟು. ಒಂದು ಬೇಸಿಗೆ ಕೊನೇಲಿ ಉದುರೋದು, ಒಂದು ಸಣ್ಣ ಕಾಯಿ, ಹಕ್ಕಿ ಬಾಯಿಗೆ ಹಿಡಿಯೋದು, ಇನ್ನೊಂದು ಚಳಿಗಾಲದವರೆಗೂ ಕೊಂಬೇಲೇ ಇರೋದು. ಜಿಂಕೆಗೆ ಏನೂ ಸಿಗದೆ ಇರೋದು ಆಗಲೇ,” ಎಂದರು.

“ಜಿಂಕೆ ಏನು ತಳಿ ಕೇಳ್ಕೊಂಡು ತಿನ್ನುತ್ತಾ, ದೊಡ್ಡಕ್ಕ?”

“ನೀನು ಹೇಳಿದ್ದು ಕೇಳ್ಕೊಂಡು ಮಾಡು, ಮೆಣಸಿನಕಾಯಿ. ಅಷ್ಟು ಸಾಕು.”

ಕಸಿ ಕಟ್ಟುವ ಹೊತ್ತಿಗೆ ತಾಯಿಯವರ ಕಾಯಿಲೆಗೆಂದು ಅವರು ಎರಡು ತಿಂಗಳು ರಜೆಯಲ್ಲಿದ್ದರು. ನಾನು ಅವರ ಮಾತು ಕೇಳಲಿಲ್ಲ. ಸಸ್ಯಕ್ಷೇತ್ರದ ಬಾವಿಯ ಪಕ್ಕ ಮುಷ್ಟಿಗಾತ್ರದ ಸಿಹಿ ಹಣ್ಣು ಬಿಡುವ ಪಿಯರ್ ಮರವಿತ್ತು. ಇನ್ನೂರಕ್ಕೂ ಅದರ ಕಡ್ಡಿಯನ್ನೇ ಕಟ್ಟಿದೆ. ಮರಳಿ ಬಂದವರಿಗೆ ಮೂರೂ ತಳಿ ಕಟ್ಟಿದ್ದೇನೆಂದು ಸುಳ್ಳು ಹೇಳಿದೆ.

ಐದನೆಯ ವಸಂತದಲ್ಲಿ ಇನ್ನೂರೂ ಮರ ಒಂದೇ ವಾರದಲ್ಲಿ ಬಿಳಿ ಹೊದ್ದು ನಿಂತವು. ಒಂದು ಕಾಯಿಯೂ ಕಚ್ಚಲಿಲ್ಲ. ಪಿಯರ್ ಮರ ತನ್ನದೇ ತಳಿಯ ಪರಾಗಕ್ಕೆ ಒಲಿಯುವುದಿಲ್ಲ, ಹತ್ತಿರದಲ್ಲಿ ಬೇರೆ ತಳಿ ಹೂ ಬಿಡಬೇಕು. ಬಾವಿಯ ಪಕ್ಕದ ಮರಕ್ಕೆ ಅಂಥ ನೆರೆಹೊರೆಯಿತ್ತು. ದೊಡ್ಡಕ್ಕ ಇಳಿಜಾರನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು.

“ಪ್ರತಿ ಮರಕ್ಕೂ ಬೇರೆ ತಳಿಯ ಒಂದು ಕೊಂಬೆ ಕಟ್ಟು.”

“ಇನ್ನೂರಕ್ಕಾ? ನನ್ನ ಸೊಂಟ ಏನು ಕಬ್ಬಿಣದ್ದಾ?”

“ನಾಲಿಗೆ ಕಬ್ಬಿಣದ್ದಲ್ವಾ, ಸೊಂಟಾನೂ ಇರುತ್ತೆ.”

ಕಾಯಿ ಯಾಕೆ ಬಿಡಲಿಲ್ಲವೆಂದು ಮೇಲಧಿಕಾರಿಗಳು ತನಿಖೆಗೆ ಬಂದ ದಿನ ದೊಡ್ಡಕ್ಕ ನನ್ನನ್ನು ದೂರದಲ್ಲಿ ಗುಂಡಿ ತೋಡಲು ಕಳಿಸಿದರು. ಆ ಸಿಟ್ಟನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೆ. ಮುಂದೆ ನನ್ನ ಕೆಲಸ ಕಾಯಂ ಆಯಿತು, ಮರಗಳು ಕಾಯಿ ಹಿಡಿದವು, ಮಂಜು ಬಿದ್ದ ಮುಂಜಾನೆ ಮರಗಳ ಕೆಳಗೆ ಜಿಂಕೆಗಳು ನಿಂತವು. ಕಿರಿಯರೆಲ್ಲ ಬಡ್ತಿ ಪಡೆದು ಹೋದರೂ ದೊಡ್ಡಕ್ಕ ಅದೇ ಕುರ್ಚಿಯಲ್ಲಿ ಉಳಿದರು. “ಆ ಕುರ್ಚಿಗೆ ಏನು ಅಂಟು ಹಾಕಿದೀರಾ?” ಎಂದು ಎಲ್ಲರೆದುರು ಆಡಿಕೊಂಡವನು ನಾನೇ. ಅವರು ನಕ್ಕುಬಿಟ್ಟಿದ್ದರು.

ಮಂಗಳವಾರ, ಈ ಲೇಖನಕ್ಕೆ ಇಸವಿಗಳು ಬೇಕೆಂದು ಹಳೆಯ ಕಡತ ತೆರೆದೆ. ತನಿಖೆಯ ಹಾಳೆಯಲ್ಲಿ ಅವರದೇ ಗುಂಡು ಅಕ್ಷರ: “ತಳಿಯ ಆಯ್ಕೆ ನನ್ನದು. ಕಸಿಗಾರನ ಕೈಯಲ್ಲಿ ದೋಷವಿಲ್ಲ, ಅವನನ್ನು ಕಾಯಂ ಮಾಡಬಹುದು.” ಕೆಳಗೆ ಕೆಂಪು ಶಾಯಿಯಲ್ಲಿ: “ಮೇಲ್ವಿಚಾರಕಿಯ ಬಡ್ತಿ ತಡೆಹಿಡಿಯಲಾಗಿದೆ.”

ಕಡತದ ಕೋಣೆಯ ನೆಲದ ಮೇಲೆಯೇ ಕುಳಿತೆ. ಹದಿನೈದು ವರ್ಷ ದಿನವೂ ಎದುರುಬದುರು ಚಹಾ ಕುಡಿದಿದ್ದೇವೆ; ಒಂದು ಮಾತು ಆಡಲಿಲ್ಲವಲ್ಲ, ಮಹಾತಾಯಿ!

ದೊಡ್ಡಕ್ಕನವರು ನೂರು ವಸಂತ ಕಾಣಲಿ. ನಿವೃತ್ತಿಯ ನಂತರ ಹಳ್ಳದಾಚೆಯ ದಿಬ್ಬದಲ್ಲಿ ಅವರು ನೆಡಬೇಕೆಂದಿರುವ ಪಿಯರ್ ಗಿಡಗಳಿಗೆ ನಾನೇ ಕಸಿ ಕಟ್ಟುತ್ತೇನೆ. ಅವರು ಹೇಳಿದ ತಳಿ, ಅವರು ಹೇಳಿದ ಸಾಲು. ಕಡತ ತಿದ್ದುವ ಅಧಿಕಾರ ನನಗಿಲ್ಲ. ಆದ್ದರಿಂದ ಅಚ್ಚಾಗುವ ಈ ಪುಸ್ತಕದಲ್ಲಿ ಬರೆಯುತ್ತಿದ್ದೇನೆ: ಆ ಇನ್ನೂರು ಮರಗಳ ಆಯ್ಕೆ ಅವರದಲ್ಲ, ನನ್ನದು.