ಆಟದೊಳಗಿನ ಕೆಂಗೇರಿ

ಕಾಲೇಜಿನ ಕೊನೆಯ ವರ್ಷದಲ್ಲಿ ನಾವು ಮೂವರು ಸೇರಿ ಒಂದು ಸ್ಪರ್ಧೆಗೆಂದು ವಿಡಿಯೋ ಗೇಮ್ ಮಾಡಿದೆವು. ಅದರ ಕೊನೆಯಲ್ಲಿ, ಕಾಣೆಯಾಗಿದ್ದ ಅಣ್ಣ ಕೆಂಗೇರಿಯಲ್ಲಿ ಸಿಗುತ್ತಾನೆ. ಆ ಜಾಗ ಕೆಂಗೇರಿಯಾಗಲಿ ಎಂದು ಮೊದಲು ಹೇಳಿದವರು ಯಾರು ಎಂಬುದರ ಬಗ್ಗೆ ನಮ್ಮಲ್ಲಿ ಇವತ್ತಿಗೂ ಒಮ್ಮತವಿಲ್ಲ. ನಾನೇ ಎನ್ನುತ್ತಾಳೆ ಕೋಡ್ ಬರೆದ ಗೆಳತಿ. ಚಿತ್ರ ಬರೆದ ಗೆಳೆಯ, ಆ ಮಾತು ಬಂದರೆ ಎದ್ದು ನೀರು ಕುಡಿಯಲು ಹೋಗುತ್ತಾನೆ. ಅವನೇ ಹೇಳಿದ ಎಂದು ನನ್ನ ನೆನಪು. ಆದರೆ ಆ ನೆನಪಿನಲ್ಲಿ ಅವನು ಕೂತಿರುವ ಕುರ್ಚಿ ನಮ್ಮ ಕಾಲೇಜಿನದಲ್ಲ, ನಾನು ಆಮೇಲೆ ಕೆಲಸಕ್ಕೆ ಸೇರಿದ ಆಫೀಸಿನದು. ಹಾಗಾಗಿ ಅದನ್ನು ಎಷ್ಟು ನಂಬಬೇಕೋ ತಿಳಿಯದು. ಡೈರಿ ತೆಗೆದು ನೋಡಿದರೆ ಆ ವಾರ ಇಂಟರ್ನಲ್ಸ್ ಪರೀಕ್ಷೆಯ ಬಗ್ಗೆ, ಗಂಟಲು ನೋವಿನ ಬಗ್ಗೆ ಬರೆದುಕೊಂಡಿದ್ದೇನೆ. ಆಟದ ಸುದ್ದಿಯೇ ಇಲ್ಲ.

ನಮ್ಮ ಕಾಲೇಜು ಜ್ಞಾನಭಾರತಿಯ ಕಡೆಗಿತ್ತು. ಸ್ಪರ್ಧೆ ವಿದ್ಯಾರ್ಥಿಗಳಿಗೆ ಮಾತ್ರ, ತಂಡದಲ್ಲಿ ಮೂವರು, ಕೊಟ್ಟ ವಿಷಯ ‘ಹುಡುಕಾಟ’. ಗೆದ್ದ ತಂಡಕ್ಕೆ ಒಂದು ಗೇಮ್ ಕಂಪನಿಯಲ್ಲಿ ತರಬೇತಿ. ಗೆಳತಿ ಬಸವೇಶ್ವರನಗರದವಳು, ಕೋಡಿಂಗ್ ಪೂರ್ತಿ ಅವಳದು. ಗೆಳೆಯ ಹೆಗ್ಗನಹಳ್ಳಿಯವನು, ಪಾಠ ನಡೆಯುತ್ತಿದ್ದಾಗಲೂ ಪುಸ್ತಕದ ಅಂಚಿನಲ್ಲಿ ಮೇಷ್ಟರ ಕಿವಿ ಬರೆಯುತ್ತಿದ್ದವನು. ಕಥೆ ಮತ್ತು ಮಾತು ನನ್ನ ಪಾಲಿಗೆ ಬಂದವು. ಕಂಪ್ಯೂಟರ್ ಸೈನ್ಸ್ ಓದಿಯೂ ಕೋಡ್ ಬಾರದವರಿಗೆ ಉಳಿಯುವ ಕೆಲಸ ಅದೇ ಎಂದು ಅವಳು ಚುಚ್ಚುತ್ತಿದ್ದಳು.

ಗೆಳೆಯನ ಅಣ್ಣ ಪೀಣ್ಯದ ಒಂದು ಪ್ಯಾಕಿಂಗ್ ಘಟಕದಲ್ಲಿದ್ದ. ಆ ವರ್ಷ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಕೆಲಸಕ್ಕೆಂದು ಹೊರಟವನು ಕೆಲಸಕ್ಕೂ ಹೋಗಲಿಲ್ಲ, ಮನೆಗೂ ಬರಲಿಲ್ಲ. ಜಗಳ ಆಗಿರಲಿಲ್ಲ. ಫೋನು ಚಾರ್ಜಿಗೆ ಹಾಕಿದಲ್ಲೇ ಇತ್ತು. ತಂದೆ ಮೊದಲೇ ತೀರಿಕೊಂಡಿದ್ದರಿಂದ ಸ್ಟೇಷನ್ನು, ಆಸ್ಪತ್ರೆ, ಶವಾಗಾರಗಳಿಗೆಲ್ಲ ಅಲೆದವನು ಗೆಳೆಯನೇ. ಸ್ಪರ್ಧೆಯ ವಿಷಯ ಗೊತ್ತಾದಾಗ ನಾವಿಬ್ಬರೂ ಅವನ ಮುಖ ನೋಡಲಿಲ್ಲ. ಅವನೇ ಬಾಯಿ ಬಿಟ್ಟ.

“ನಮ್ಮಣ್ಣನ್ನ ಹುಡುಕೋದನ್ನೇ ಮಾಡೋಣ ಗುರು. ನಂಗೆ ಬೇರೇನೂ ತೋಚ್ತಾ ಇಲ್ಲ.”

ಬೇಡ ಕಣೋ, ಆಮೇಲೆ ನಿಂಗೇ ಕಷ್ಟ ಆಗುತ್ತೆ ಎಂದಳು ಗೆಳತಿ. ಹೇಗಿದ್ದರೂ ದಿನಾ ಅದನ್ನೇ ಮಾಡುತ್ತಿದ್ದೇನಲ್ಲ ಎಂದ.

ಆಟದಲ್ಲಿ ಶತ್ರುಗಳಿಲ್ಲ, ಗುಂಡು ಹಾರಿಸುವುದಿಲ್ಲ. ಆಡುವವನ ಕೈಯಲ್ಲಿ ಒಂದು ಫೋಟೋ. ಹೆಗ್ಗನಹಳ್ಳಿಯಿಂದ ಹೊರಟು, ಸುಂಕದಕಟ್ಟೆ, ಲಗ್ಗೆರೆ, ಮಾಗಡಿ ರಸ್ತೆ ಎಂದು ಸುತ್ತುತ್ತ ಸಿಕ್ಕವರಿಗೆಲ್ಲ ಅದನ್ನು ತೋರಿಸಬೇಕು. ಜನ ಏನೆನ್ನುತ್ತಾರೆ ಎಂಬುದನ್ನು ನಾನು ಕಲ್ಪಿಸಬೇಕಾಗಿರಲಿಲ್ಲ, ಗೆಳೆಯ ಕೇಳಿಸಿಕೊಂಡು ಬಂದದ್ದನ್ನು ಬರೆದುಕೊಂಡರೆ ಸಾಕಾಗಿತ್ತು. ‘ಇಲ್ಲಪ್ಪ’ ಎನ್ನುವವರಿಂದ ತೊಂದರೆಯಿಲ್ಲವಂತೆ. ‘ಎಲ್ಲೋ ನೋಡ್ದಂಗಿದೆ’ ಎನ್ನುವವರೇ ಅಪಾಯ. ಆಟದಲ್ಲಿ ಆ ಮಾತು ನಂಬಿದವನು ಊರಿನ ಇನ್ನೊಂದು ತುದಿಗೆ ಹೋಗಿ ಬರಿಗೈಯಲ್ಲಿ ನಿಲ್ಲುತ್ತಿದ್ದ.

ಒಂದು ತಾಂತ್ರಿಕ ತೊಡಕಿತ್ತು. ನಾವು ಬಳಸುತ್ತಿದ್ದ ಸಾಫ್ಟ್‌ವೇರಿಗೆ ಕನ್ನಡ ಕೊಟ್ಟರೆ ಅಕ್ಷರಗಳು ಬಿಡಿಬಿಡಿಯಾಗಿ ಚೆಲ್ಲಾಡುತ್ತಿದ್ದವು. ಅದಕ್ಕೇ ನನ್ನ ವಾಕ್ಯಗಳನ್ನೆಲ್ಲ ಗೆಳೆಯ ಕೈಬರಹದಲ್ಲಿ ಬರೆದು ಚಿತ್ರವಾಗಿ ಸೇರಿಸುತ್ತಿದ್ದ. ಅಂಗಡಿಯ ಬೋರ್ಡು, ಬಸ್ಸಿನ ಹಲಗೆ, ದಾರಿಹೋಕರ ಮಾತು ಎಲ್ಲವೂ ಅವನ ಕೈಯಿಂದಲೇ ಬಂದವು. ಅವನ ಮನೆಯಲ್ಲಿ ಇದಕ್ಕೆ ಮುಂದೆ ಬೇರೆಯದೇ ಅರ್ಥ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಮೊದಲ ಸುತ್ತಿನಲ್ಲಿ ಸ್ಪರ್ಧೆಯವರು ನಮಗೆ ಸಲಹೆಗೆಂದು ನೇಮಿಸಿದ್ದವರು ಆಟ ಮೆಚ್ಚಿದರು. ಆದರೆ ಗೆಲುವು ಎಲ್ಲಿದೆ ಎಂದು ಕೇಳಿದರು. ಕೊನೆಯೇ ಇಲ್ಲದ್ದನ್ನು ಯಾರಾದರೂ ಯಾಕೆ ಆಡಬೇಕು, ಕಾಣೆಯಾದವನು ಎಲ್ಲೋ ಒಂದು ಕಡೆ ಸಿಗಲಿ ಎಂದರು. ಹಾಗೆ ಕೊನೆಯೊಂದು ಹುಟ್ಟಿಕೊಂಡಿತು. ನಮ್ಮ ಮನೆ ಇರುವುದು ಕೆಂಗೇರಿಯಲ್ಲಿ. ಬಸ್ ನಿಲ್ದಾಣದ ಹಿಂದಿನ ಟೀ ಅಂಗಡಿ, ಅದರ ಪಕ್ಕದ ಹೊಂಗೆ ಮರ, ಮರದಡಿಯ ಸಿಮೆಂಟ್ ಬೆಂಚು ಇವುಗಳ ಫೋಟೋ ತೆಗೆದು ಕಳಿಸಿದವನು ನಾನು. ಇಷ್ಟಂತೂ ಖಚಿತ, ಆ ಫೋಟೋಗಳು ನನ್ನ ಫೋನಿನಲ್ಲಿ ಈಗಲೂ ಇವೆ. ಗೆಳೆಯ ಆ ಬೆಂಚಿನ ಮೇಲೆ ಅಣ್ಣನನ್ನು ಕೂರಿಸಿದ. ಆಡುವವನು ಹತ್ತಿರ ಬಂದಾಗ ಅಣ್ಣ ತಲೆಯೆತ್ತಿ ನೋಡುತ್ತಾನೆ. ಅಲ್ಲಿಗೆ ಮುಗಿಯಿತು. ನಾವು ಅಂತಿಮ ಸುತ್ತಿಗೆ ಆಯ್ಕೆಯಾದೆವು.

ಕೊನೆಯ ವಾರಗಳಲ್ಲಿ ಕೆಲಸವೆಲ್ಲ ಗೆಳೆಯನ ಮನೆಯ ಮುಂದಿನ ಕೋಣೆಯಲ್ಲಿ ನಡೆಯಿತು. ಅವನ ತಾಯಿ ಚಿತ್ರಾನ್ನದ ತಟ್ಟೆಗಳನ್ನು ಕೀಬೋರ್ಡಿಗೆ ತಗುಲದಂತೆ ದೂರ ಇಟ್ಟು, ನಮ್ಮ ಬೆನ್ನ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿ ಒಳಗೆ ಹೋಗುತ್ತಿದ್ದರು. ದೊಡ್ಡ ಮಗ ಕಾಣೆಯಾದ ಹೊಸತರಲ್ಲಿ ಅವರು ಮಾಗಡಿ ಕಡೆಯ ಒಬ್ಬರ ಹತ್ತಿರ ಅಂಜನ ಹಾಕಿಸಿದ್ದರಂತೆ. ವೀಳ್ಯದೆಲೆಗೆ ಕಪ್ಪು ಹಚ್ಚಿ ದೀಪದ ಮುಂದೆ ಹಿಡಿಯುತ್ತಾರೆ. ಕಳೆದುಹೋದದ್ದು ಎಲ್ಲಿದೆಯೆಂದು ಅದರಲ್ಲಿ ಕಾಣುತ್ತದೆ, ಆದರೆ ಎಲ್ಲರ ಕಣ್ಣಿಗಲ್ಲ. ಕಾಲು ಮುಂದಾಗಿ ಹುಟ್ಟಿದವರಿಗೆ ಕಾಣುತ್ತದೆ. ನಮ್ಮ ಗೆಳೆಯ ಹಾಗೆ ಹುಟ್ಟಿದವನು. ಅವನನ್ನೇ ಕೂರಿಸಿ ನೋಡಿಸಿದ್ದರು.

“ಡಾರ್ಕ್ ಮೋಡ್ ಬಿಟ್ರೆ ಏನೂ ಕಾಣ್ಲಿಲ್ಲ ಮಗಾ” ಎಂದು ಅವನು ನಮ್ಮೆದುರು ನಗೆಯಾಡಿದ್ದ. ತಾಯಿಗೂ ಏನೂ ಕಾಣಲಿಲ್ಲ ಎಂದೇ ಹೇಳಿದ್ದನಂತೆ. ನಾವೂ ನಕ್ಕೆವು ಎಂದು ತೋರುತ್ತದೆ.

ಒಂದು ಮಧ್ಯಾಹ್ನ ಗೆಳತಿ ಕೊನೆಯ ದೃಶ್ಯವನ್ನು ಮತ್ತೆ ಮತ್ತೆ ಓಡಿಸಿ ಪರೀಕ್ಷಿಸುತ್ತಿದ್ದಳು. ಗೆಳೆಯ ಹಾಲು ತರಲು ಹೊರಗೆ ಹೋಗಿದ್ದ. ತಾಯಿ ಬಂದು ನಿಂತರು, ಈ ಸಲ ಒಳಗೆ ಹೋಗಲಿಲ್ಲ. ಪರದೆಯ ಮೇಲೆ ಅಣ್ಣ ತಲೆಯೆತ್ತಿದ. ಅದು ಯಾವ ಜಾಗ ಕಣಪ್ಪ ಎಂದು ನನ್ನನ್ನು ಕೇಳಿದರು. ಕೆಂಗೇರಿ ಆಂಟಿ, ಬಸ್ ಸ್ಟಾಂಡ್ ಹಿಂದೆ ಎಂದೆ. ಇನ್ನೊಂದು ಸಲ ತೋರಿಸಲು ಹೇಳಿದರು. ಅವಳು ತೋರಿಸಿದಳು. ಅವರ ಮುಖ ಹೇಗಿತ್ತು ಎಂದು ಈಗ ಬರೆಯಬಲ್ಲೆ, ಆದರೆ ಅದು ಆಮೇಲೆ ಗೊತ್ತಾದದ್ದನ್ನು ಸೇರಿಸಿ ಬರೆದಂತಾಗುತ್ತದೆ. ಆ ಹೊತ್ತಿನಲ್ಲಿ ನಾನು ಅವರ ಮುಖ ನೋಡಿರಲಿಕ್ಕಿಲ್ಲ.

ಕೆಲವು ದಿನಗಳ ನಂತರ ಕಾಲೇಜಿಗೆಂದು ಹೊರಟಾಗ ಅವರನ್ನು ಆ ಬೆಂಚಿನ ಮೇಲೆ ಕಂಡೆ. ಪಕ್ಕದಲ್ಲಿ ಒಂದು ಟಿಫನ್ ಡಬ್ಬಿ. ಬಂದು ಹೋಗುವವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು. ನಾನು ಹೋಗಿ ಮಾತಾಡಿಸಿದಾಗ ಗಾಬರಿಯಾದರು, ಮಗನಿಗೆ ಹೇಳಬೇಡ ಎಂದರು. ಟೀ ಅಂಗಡಿಯವನು ತಾನಾಗಿಯೇ ಹೇಳಿದ, ಈ ಅಮ್ಮ ವಾರದಿಂದ ಬರ್ತಾ ಇದಾರೆ ಸಾರ್ ಎಂದು.

“ಆಂಟಿ, ಅದು ನಾವು ಸುಮ್ನೆ ಕಟ್ಟಿದ ಕಥೆ” ಎಂದೆ.

ಅವರು ನನ್ನ ಮೇಲೆ ಕನಿಕರಪಟ್ಟಂತೆ ನೋಡಿದರು. “ನಿಮ್ಗೆ ಕಥೆ ಕಣಪ್ಪ. ಅವ್ನು ಅವತ್ತು ಎಲೇಲಿ ನೋಡಿದಾನೆ. ಬಾಯ್ಬಿಟ್ಟು ಹೇಳಕ್ಕೆ ಅದೇನು ಭಯವೋ, ಚಿತ್ರದಲ್ಲಿ ಹೇಳಿದಾನೆ. ಇಲ್ದಿದ್ರೆ ಈ ಕಡೆಗೆ ಬರ್ದೇ ಇರೋನಿಗೆ ಈ ಮರ ಹೆಂಗೆ ಗೊತ್ತು?”

ಫೋಟೋ ಕಳಿಸಿದ್ದು ನಾನು ಎಂದು ವಿವರಿಸಿದೆ. ಫೋನು ತೆಗೆದು ತೋರಿಸಿದೆ. ನೀನು ಯಾಕೆ ಬೇರೆ ಕಡೆಯೆಲ್ಲ ಬಿಟ್ಟು ಇಲ್ಲೇ ತೆಗೆದೆ ಹೇಳು ಎಂದರು. ನಾನು ಫೋನು ಜೇಬಿಗೆ ಹಾಕಿಕೊಂಡೆ.

ಮಗನಿಗೆ ಹೇಳಬೇಡವೆಂದ ಅವರ ಮಾತನ್ನು ನಾನು ನಡೆಸಲಿಲ್ಲ. ಅಂದೇ ಹೇಳಿದೆ. ಅವನು ಮನೆಗೆ ಹೋಗಿ, ಎಲೆಯಲ್ಲಿ ತನಗೆ ಕಪ್ಪು ಬಿಟ್ಟು ಬೇರೇನೂ ಕಂಡಿರಲಿಲ್ಲ ಎಂದು ತಾಯಿಯ ತಲೆ ಮುಟ್ಟಿ ಆಣೆ ಮಾಡಿದನಂತೆ. ಅವರು ಊಟಕ್ಕೆ ಏಳು ಎಂದರಂತೆ. ಮರುದಿನ ಬೆಳಿಗ್ಗೆ ಮತ್ತೆ ಡಬ್ಬಿ ಕಟ್ಟಿಕೊಂಡು ಬಸ್ ಹತ್ತಿದರು.

ಕೊನೆಯ ದೃಶ್ಯ ತೆಗೆದುಬಿಡೋಣ ಎಂದ ಗೆಳೆಯ. ಫೈನಲ್ ಎದುರಿಗೇ ಇತ್ತು. ಬೇಡವೆಂದು ಗೆಳತಿ ಮೊದಲು ಸಮಾಧಾನವಾಗಿ ಹೇಳಿದಳು, ಆಮೇಲೆ ಸಿಟ್ಟಾದಳು. ಸ್ಪರ್ಧೆಗೆ ಒಂದು, ಮನೆಯಲ್ಲಿ ತೋರಿಸಲು ಒಂದು, ಎರಡು ಬೇರೆ ಬೇರೆ ಮಾಡಿಕೊಡುತ್ತೇನೆ ಎಂದಳು. ಅದು ಒಳ್ಳೆಯ ಉಪಾಯ ಎಂದು ನನಗೂ ಅನ್ನಿಸಿತ್ತು.

“ನಿಮಗಿದು ಗೇಮು ಕಣ್ರೋ. ನಮ್ಮಮ್ಮ ದಿನಾ ಊಟ ತಗೊಂಡು ಹೋಗ್ತಾ ಇದಾಳೆ.”

ಅದಾದ ಮೇಲೆ ವಾದ ನಡೆಯಲಿಲ್ಲ. ಅವನು ಬೆಂಚನ್ನು ಹಾಗೇ ಇಟ್ಟು ಅಣ್ಣನನ್ನು ಮಾತ್ರ ಅಳಿಸಿದ. ಆಡುವವನು ಕೆಂಗೇರಿಗೆ ಬರುತ್ತಾನೆ, ಮರ ಇದೆ, ಬೆಂಚು ಖಾಲಿ. ಅವಳು ತುಟಿ ಕಚ್ಚಿಕೊಂಡು ಅದಕ್ಕೆ ಬೇಕಾದ ಕೋಡ್ ಸರಿಮಾಡಿದಳು.

ಅಂದು ಸಂಜೆ ತಾಯಿ ಕೆಂಗೇರಿಯಿಂದ ಹಿಂತಿರುಗಿದ ಮೇಲೆ ಅವನು ಅವರನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿದ. ನಾವಿಬ್ಬರೂ ಅಲ್ಲೇ ಇದ್ದೆವು. ನೋಡಮ್ಮ, ಬೇಕಂದ್ರೆ ಕೂರಿಸ್ತೀನಿ, ಬೇಡಾಂದ್ರೆ ಅಳಿಸ್ತೀನಿ, ಇಷ್ಟೇ ಇದು ಎಂದು ಹೇಳಿ ದೃಶ್ಯ ಓಡಿಸಿದ. ಅವರು ಪರದೆಗೆ ಇನ್ನಷ್ಟು ಹತ್ತಿರ ಬಾಗಿದರು. ಬೆರಳಿನಿಂದ ಬೆಂಚನ್ನು ಮುಟ್ಟಿದರು. ಅವರಿಗೆ ಅರ್ಥವಾಯಿತು ಎಂದೇ ನಾನು ಅಂದುಕೊಂಡೆ.

“ಹೊರಟುಹೋದ್ನಾ?” ಎಂದರು.

ಅವರು ಸೆರಗು ಬಾಯಿಗೆ ಒತ್ತಿಕೊಂಡು ಹೇಳಿದರು, ಬೆಳಿಗ್ಗೆ ಇನ್ನೊಂದು ಸ್ವಲ್ಪ ಬೇಗ ಹೋಗಬೇಕಿತ್ತು, ಸಿಕ್ಕಿಬಿಡುತ್ತಿದ್ದ ಎಂದು. ಆಮೇಲೆ ಮಗನ ಕಡೆ ತಿರುಗಿ, ಬಹಳ ಮೆದುವಾಗಿ, ಈಗ ಎಲ್ಲಿದಾನೆ ಬರೆದು ತೋರಿಸಪ್ಪ ಎಂದು ಕೇಳಿದರು. ಅವನು ಲ್ಯಾಪ್‌ಟಾಪ್ ಮುಚ್ಚಿದ.

ಫೈನಲ್‌ಗೆ ನಾವು ಖಾಲಿ ಬೆಂಚನ್ನೇ ಒಯ್ದೆವು. ತೀರ್ಪುಗಾರರಲ್ಲಿ ಒಬ್ಬರು ಪೂರ್ತಿ ಆಡಿ, ಕೆಂಗೇರಿ ತಲುಪಿ, ಬೆಂಚಿನ ಸುತ್ತ ಸುಮಾರು ಹೊತ್ತು ಓಡಾಡಿದರು. ಇದು ಕೋಡಿನ ತಪ್ಪು, ಬಗ್ ಇರಬೇಕು, ಇಲ್ಲಿ ಯಾರೋ ಇರಬೇಕಾಗಿತ್ತಲ್ಲವೇ ಎಂದು ಕೇಳಿದರು. ಅವರು ಕೆಟ್ಟವರಲ್ಲ, ಸಹಾಯ ಮಾಡುವ ದನಿಯಲ್ಲೇ ಕೇಳಿದ್ದು. ಇಲ್ಲ ಸಾರ್, ಇಷ್ಟೇ ಎಂದ ಗೆಳೆಯ. ಬಹುಮಾನ ಬೇರೆ ತಂಡಕ್ಕೆ ಹೋಯಿತು. ಅವರ ಆಟ ನಮ್ಮದಕ್ಕಿಂತ ಚೆನ್ನಾಗಿತ್ತು ಎಂದು ಆಗ ಅನ್ನಿಸಿತ್ತೋ, ಬೇಸರ ಕಡಿಮೆಯಾಗಲಿ ಎಂದು ಆಮೇಲೆ ನಾನೇ ಹಾಗೆ ತೀರ್ಮಾನಿಸಿಕೊಂಡೆನೋ ಹೇಳಲಾರೆ.

ಗೆಳೆಯ ಚಿತ್ರ ಬರೆಯುವುದನ್ನು ಬಿಟ್ಟ. ಅವನ ಮನೆಯಲ್ಲಿ ಅವನು ಏನು ಬರೆದರೂ ಅದು ಒಂದು ಜಾಗವಾಗುತ್ತಿತ್ತು. ತೆಂಗಿನ ಮರ ಬರೆದರೆ ಯಾವ ಊರು ಎಂದು, ಗೋಡೆ ಬರೆದರೆ ಯಾವ ಬೀದಿ ಎಂದು ತಾಯಿ ಕೇಳುತ್ತಿದ್ದರು. ಈಗ ರಾಜಾಜಿನಗರದ ಒಂದು ಆಫೀಸಿನಲ್ಲಿ ಡೇಟಾ ಎಂಟ್ರಿ ಕೆಲಸದಲ್ಲಿದ್ದಾನೆ. ಅಣ್ಣನ ಸುದ್ದಿ ಈವರೆಗೆ ಬಂದಿಲ್ಲ.

ಹೋದ ತಿಂಗಳು ಅವನ ಮನೆಗೆ ಹೋಗಿದ್ದೆ. ತಾಯಿ ಸೊರಗಿದ್ದಾರೆ, ಕೆಂಗೇರಿಗೆ ಹೋಗುವುದು ನಿಂತಿದೆ. ಕಾಫಿ ಕೊಟ್ಟು ಎದುರಿಗೆ ಕೂತು, ಅವನು ಬಚ್ಚಲಲ್ಲಿದ್ದಾನೆಂದು ಖಚಿತಪಡಿಸಿಕೊಂಡು ನನ್ನ ಕಡೆ ಬಾಗಿದರು.

“ನೀನಾದ್ರೂ ಹೇಳಪ್ಪ. ಒಂದೇ ಒಂದು ಸಲ ಕೂತು ಚಿತ್ರ ಬರೀಲಿ.”

ಹೇಳುತ್ತೇನೆ ಆಂಟಿ ಎಂದೆ. ಗೆಳೆಯ ಆಗಲೇ ಬಾಗಿಲ ಬಳಿ ನಿಂತಿದ್ದ, ಕೇಳಿಸಿತೋ ಇಲ್ಲವೋ. ಬಾ, ಸುಂಕದಕಟ್ಟೆವರೆಗೂ ಬಿಡ್ತೀನಿ ಎಂದು ಬೈಕ್ ಕೀ ತೆಗೆದುಕೊಂಡ. ದಾರಿಯುದ್ದಕ್ಕೂ ಅವನ ಹೊಸ ಶಿಫ್ಟಿನ ಬಗ್ಗೆ ಮಾತಾಡಿದೆವು. ಅವರಿಗೆ ಕೊಟ್ಟ ಮಾತನ್ನು ನಾನು ಅವನಿಗೆ ಹೇಳಲಿಲ್ಲ, ಅವನೂ ಕೇಳಲಿಲ್ಲ.