ಬಾಗಿಲಿಗೊಂದು ಪ್ರಶ್ನೆ
ತೊಂಬತ್ತಮೂರನೇ ಇಸವಿಯ ಹೊತ್ತಿಗೆ ದೇವಲಾಪುರದ ಕಡೆ ಮೂರನೇ ಕ್ಲಾಸಿಗೆ ಪಾಠ ಮಾಡುತ್ತಿದ್ದ ಅನಂತರಾಮು ಮೇಷ್ಟ್ರಿಗೆ ಮಕ್ಕಳಿಟ್ಟ ಹೆಸರು ‘ಗೇಟು ಮೇಷ್ಟ್ರು’. ಸಂಜೆ ಗಂಟೆ ಹೊಡೆಯುವ ಮುಂಚೆಯೇ ಅವರು ಬಾಗಿಲಿಗೆ ಅಡ್ಡ ಕೈಚಾಚಿ ನಿಂತುಬಿಡುತ್ತಿದ್ದರು. ಆ ದಿನದ ಪಾಠದಿಂದ ಒಂದೇ ಪ್ರಶ್ನೆ. ಸರಿಯಾಗಿ ಹೇಳಿದರೆ ಕೈ ಮೇಲೇಳುತ್ತಿತ್ತು, ಮಗು ಹೊರಗೆ ಹಾರುತ್ತಿತ್ತು. ತಪ್ಪಿದರೆ ಬೈಗುಳವಿಲ್ಲ, ಬೆತ್ತವಿಲ್ಲ. “ಇನ್ನೊಂದ್ಸಲ ಯೋಚ್ನೆ ಮಾಡ್ಕೊಂಡು ಬಾರ್ಲಾ, ನಾನೆಲ್ಲೂ ಓಡೋಗಲ್ಲ” ಎನ್ನುತ್ತಿದ್ದರು. ಮನೆಗೆ ಬಂದ ನೆಂಟರು ಕೂಡ ಇವರು ಹೇಳಿದ್ದನ್ನು ತಿರುಗಿ ಒಪ್ಪಿಸದೆ ಹೊಸಿಲು ದಾಟುವಂತಿಲ್ಲ ಎಂದು ಹೆಂಡತಿ ಪದ್ಮ ನಗುತ್ತಿದ್ದರು. ಪಕ್ಕದ ಹತ್ತರ ಸ್ಥಾನದಿಂದ ಸಾಲ ತಂದು ಕಳೆಯುವ ಲೆಕ್ಕ ಹೇಳಿಕೊಟ್ಟ ದಿನ ಮಾತ್ರ ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆಯಲು ಒಂದು ಮಗುವಿಗೂ ಬರಲಿಲ್ಲ. ಎಲ್ಲರೂ ಮುಖ ಸಣ್ಣಗೆ ಮಾಡಿಕೊಂಡು ನಿಂತರು. ಮೇಷ್ಟ್ರು ಕೈ ತೆಗೆದರು. “ಎಲ್ರೂ ಮನೆಗೋಗ್ರಪ್ಪಾ. ಇವತ್ತು ಫೇಲಾದೋನು ನಾನು, ನಾನೇ ಕೂತ್ಕೋತೀನಿ” ಎಂದು ಖಾಲಿ ಕ್ಲಾಸಿನಲ್ಲಿ ಉಳಿದು, ಶಾಲೆಯ ಪೊರಕೆ ಬಿಚ್ಚಿ, ಹತ್ತು ಹತ್ತು ಕಡ್ಡಿಗಳ ಕಟ್ಟು ಕಟ್ಟತೊಡಗಿದರು. ಮರುದಿನ ಮತ್ತೆ ಅದೇ ಪಾಠ. ಬಿಡಿ ಕಡ್ಡಿ ಸಾಲದೆ ಹೋದಾಗ ಮಕ್ಕಳೇ ಒಂದು ಕಟ್ಟು ಬಿಚ್ಚಿಕೊಂಡು ಕಳೆದರು. ಸಂಜೆ ಮತ್ತೆ ಅದೇ ಪ್ರಶ್ನೆ. ಬಾಗಿಲಿಗೆ ಮೊದಲು ಬಂದವಳು ಎಂದೂ ಬಾಯಿ ಬಿಡದ ರಂಜಿತ. “ಇಪ್ಪತ್ತೈದು ಸಾ” ಎಂದಳು. ಮೇಷ್ಟ್ರ ಕೈ ಮೇಲೆದ್ದಿತು, ಆದರೆ ಅವಳು ಹೋಗಲಿಲ್ಲ. ಅವರ ಮುಖವನ್ನೇ ನೋಡುತ್ತಾ, “ನೀವೂ ಪಾಸಾದ್ರಿ ಸಾ, ಇವತ್ತು ಬೇಗ ಮನೆಗೋಗಿ” ಎಂದಳು.